ಹೆಚ್ಚುವರಿ ಆಹಾರ ಅಧಿಕಾರಿ

ತಪ್ಪು ನನ್ನದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೋರ್ಡು ಬರೆಯುವುದು ನನ್ನ ಕಸುಬು. ಅಂಗಡಿ, ಶಾಲೆ, ಹಲ್ಲಿನ ಡಾಕ್ಟರು, 'ಇಲ್ಲಿ ಗಾಡಿ ನಿಲ್ಲಿಸಬೇಡಿ' ಎಂದು ಶುರುವಾಗಿ ನಮ್ಮೂರಿನ ಗೋಡೆಗಳ ಮೇಲೆ ಓದಲು ಸಿಗುವುದರಲ್ಲಿ ಅರ್ಧ ನನ್ನ ಕೈಬರಹ. ಇಪ್ಪತ್ತು ವರ್ಷದಲ್ಲಿ ಒಂದು ಒತ್ತಕ್ಷರ ತಪ್ಪಿಲ್ಲ, ಒಂದು ದೀರ್ಘ ಜಾರಿಲ್ಲ. ಭಾವನಿಗೆ ಬರೆದುಕೊಟ್ಟ ಬೋರ್ಡಿನಲ್ಲೂ ತಪ್ಪು ಹುಡುಕಿದರೆ ಸಿಗುತ್ತಿರಲಿಲ್ಲ. ಆದರೂ ಮೂರೇ ಪದಗಳ ಆ ಬೋರ್ಡಿನಿಂದ ಮೂವತ್ತೆಂಟು ಜನ ಒಂದು ವಾರ ಅರೆಹೊಟ್ಟೆಯಲ್ಲಿದ್ದರು. ಇಂಥ ಸಾಧನೆ ಮಾಡಿದ ಬೋರ್ಡು ಬೇರೆ ಯಾರ ಅಂಗಡಿಯಿಂದಲೂ ಹೊರಟಿರಲಾರದು.

ಭಾವ ಎಂದರೆ ನನ್ನ ಅಕ್ಕನ ಗಂಡ. ನೀರು ಸರಬರಾಜು ಕಚೇರಿಯ ರವಾನೆ ವಿಭಾಗದಲ್ಲಿ ಅವರ ಕೆಲಸ. ಲಕೋಟೆಗೆ ಅಂಟು ಹಚ್ಚಬೇಕು, ವಿಳಾಸ ಬರೆಯಬೇಕು, ಅಂಚೆಚೀಟಿ ಒತ್ತಬೇಕು. ಕಚೇರಿಯಲ್ಲಿ ಅವರನ್ನು ಗೋಂದಣ್ಣ ಎನ್ನುತ್ತಾರೆ. ಸಹಾಯಕ, ಉಪ, ಜಂಟಿ, ಪ್ರಧಾನ ಎಂದು ದಿನಕ್ಕೆ ಇನ್ನೂರು ಲಕೋಟೆಗಳ ಮೇಲೆ ಇನ್ನೂರು ಜನರ ಹುದ್ದೆಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುವ ಮನುಷ್ಯನಿಗೆ ತನ್ನದೆಂದು ಹೇಳಿಕೊಳ್ಳಲು ಗೋಂದಿನ ಬಾಟಲಿಯೊಂದೇ ಇತ್ತು.

ಸಂಜೆ ಐದಕ್ಕೆ ಕಚೇರಿ ಬಿಟ್ಟ ಮೇಲೆ ಭಾವ ಇನ್ನೊಂದು ಕೆಲಸ ಮಾಡುತ್ತಿದ್ದರು. ದೊಡ್ಡಾಸ್ಪತ್ರೆಯ ಹಿಂದೆ ಒಂದು ತಂಗುಮನೆ ಇದೆ. ಆಸ್ಪತ್ರೆಯವರು ಒಳಗೆ ಮಲಗಿದ ರೋಗಿಗೆ ಊಟ ಕೊಡುತ್ತಾರೆ, ಹೊರಗೆ ಕಾಯುತ್ತ ಕೂತ ತಾಯಿಗೋ ಗಂಡನಿಗೋ ಕೊಡುವುದಿಲ್ಲ. ಹಾಗೆ ಕಾಯುವವರು ಮಲಗುವುದು ಈ ತಂಗುಮನೆಯಲ್ಲಿ. ಅದನ್ನು ನಡೆಸುವವರು ನಿವೃತ್ತ ನರ್ಸು, ಎಲ್ಲರಿಗೂ ಸಿಸ್ಟರಮ್ಮ. ಅಕ್ಕನಿಗೆ ಹೊಟ್ಟೆಯಲ್ಲಿನ ಕಲ್ಲು ತೆಗೆಸಿದಾಗ ಭಾವ ಒಂಬತ್ತು ದಿನ ಅಲ್ಲಿ ಉಂಡಿದ್ದರು. ಹತ್ತನೆಯ ದಿನ ಅಕ್ಕನನ್ನು ಮನೆಗೆ ಬಿಟ್ಟು ಸೈಕಲ್ ಹತ್ತಿಕೊಂಡು ವಾಪಸ್ ಹೋಗಿ, "ಊಟ ಎಲ್ಲಿಂದ ತರ್ತೀರಿ? ನಾನು ತಂದ್ಕೊಡ್ತೀನಿ" ಎಂದು ಕೇಳಿದ್ದರು.

ಎಲ್ಲಿಂದ ಎಂದರೆ, ಅಂಗಡಿಗಳಲ್ಲಿ ಉಳಿದದ್ದರಿಂದ. ಮಧ್ಯಾಹ್ನ ಬೇಯಿಸಿ ಮಿಕ್ಕ ಅನ್ನ, ತರಕಾರಿ, ಬೆಳಿಗ್ಗೆ ಬೇಯಿಸಿ ಸಂಜೆಯಾದರೂ ಮಾರಾಟವಾಗದ ಬ್ರೆಡ್ಡು, ಬನ್ನು. ಚೆಲ್ಲಿದರೆ ಕಸ, ಹೊತ್ತಿಗೆ ಸರಿಯಾಗಿ ಒಯ್ದರೆ ಊಟ. ಭಾವ ಸೈಕಲ್ಲಿನ ಹಿಂದೆ ದೊಡ್ಡ ಡಬ್ಬ ಕಟ್ಟಿಕೊಂಡು ಬೇಕರಿ, ಹೋಟೆಲು, ಆಮೇಲೆ ಇನ್ನು ಮೂರ್ನಾಲ್ಕು ಅಂಗಡಿಗಳ ಹಿತ್ತಿಲ ಬಾಗಿಲಲ್ಲಿ ನಿಂತು, "ಏನಾದ್ರೂ ಉಳಿದಿದೆಯಾ?" ಎಂದು ಕೇಳುವರು. ಆರೂವರೆಗೆ ಡಬ್ಬ ತುಂಬಿ ತಂಗುಮನೆಗೆ ಹೋಗುವುದು. ಎರಡು ವರ್ಷ ಇದು ಯಾವ ತಕರಾರೂ ಇಲ್ಲದೆ ನಡೆಯಿತು. ಬೇಕರಿಯ ಮತ್ತು ಹೋಟೆಲಿನ ಹಿತ್ತಿಲ ಬಾಗಿಲುಗಳು ನನ್ನ ಅಂಗಡಿಗೆ ಎದುರಿಗೇ ಇವೆ, ಹಾಗಾಗಿ ಮುಂದೆ ನಡೆದದ್ದರಲ್ಲಿ ಬಹುಪಾಲು ನಾನು ಕಣ್ಣಾರೆ ಕಂಡದ್ದು.

ಹೋಟೆಲಿಗೆ ಬಡಿಸುವವನೊಬ್ಬ ಹೊಸದಾಗಿ ಸೇರಿದ. ಒಳ್ಳೆಯ ಮನುಷ್ಯ. ಅನಾಹುತ ಶುರುವಾದದ್ದು ಅವನ ಒಳ್ಳೆಯತನದಿಂದಲೇ. ಭಾವ ಎಂದಿನಂತೆ ಬಂದು, "ಏನಾದ್ರೂ ಉಳಿದಿದೆಯಾ?" ಎಂದರು.

"ಉಳಿದಿದೆ, ಕೂತ್ಕೊಳ್ಳಿ," ಎಂದ ಅವನು. ಬೋರಲು ಹಾಕಿದ ಹಾಲಿನ ಕ್ರೇಟೊಂದನ್ನು ಕಾಲಿನಿಂದ ಮುಂದೆ ತಳ್ಳಿ, ಒಂದು ತಟ್ಟೆ ತುಂಬ ಬಡಿಸಿಕೊಂಡು ಬಂದು ಭಾವನ ಕೈಗಿಟ್ಟ. "ನಿಧಾನಕ್ಕೆ ತಿನ್ನಿ. ಸಾಲದಿದ್ರೆ ಕೇಳಿ, ನಾಚ್ಕೋಬೇಡಿ."

ಭಾವ ತಿಂದರು. ಯಾಕೆ ತಿಂದಿರಿ ಎಂದು ಅಕ್ಕ ಆಮೇಲೆ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಬೇಡ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಬಡಿಸಿಬಿಟ್ಟಿದ್ದ. ಬಡಿಸಿದ್ದನ್ನ ಬಿಟ್ರೆ ಅದೂ ವ್ಯರ್ಥ ಅಲ್ವಾ?"

ಕ್ರೇಟಿನ ಮೇಲೆ ಕೂತು ಅವರು ಮೂರನೇ ತುತ್ತು ಬಾಯಿಗಿಡುವ ಹೊತ್ತಿಗೆ ಅಕ್ಕನ ಕೆಳಗಿನ ಮನೆಯ ಮೇಷ್ಟ್ರು ಕೊಡೆ ಊರಿಕೊಂಡು ಓಣಿಯಲ್ಲಿ ಬಂದರು. ನಿಂತರು. ತಟ್ಟೆ ನೋಡಿದರು, ಕ್ರೇಟು ನೋಡಿದರು.

"ಮನೇಲಿ ಎಲ್ಲಾ ಸೌಖ್ಯ ತಾನೇ?" ಎಂದರು.

ಬಾಯಲ್ಲಿ ತುತ್ತಿದ್ದುದರಿಂದ ಭಾವ ತಲೆ ಆಡಿಸಿದರು. ಆ ತಲೆ ಆಡಿದ್ದು ಮೇಲೆ ಕೆಳಗೋ ಅಡ್ಡಕ್ಕೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಮೇಷ್ಟ್ರು ಅಡ್ಡಕ್ಕೆ ಎಂದು ತಿಳಿದುಕೊಂಡರು. ಅಕ್ಕ ಗಂಡನಿಗೆ ಅನ್ನ ಹಾಕುವುದಿಲ್ಲ ಎಂಬ ಸುದ್ದಿ ಏಳು ಗಂಟೆಯೊಳಗೆ ಅವರ ಕಟ್ಟಡದ ನಾಲ್ಕು ಅಂತಸ್ತಿಗೂ ಹಬ್ಬಿತ್ತು. ಒಬ್ಬರು ಬಂದು, "ಜಗಳ ಎಲ್ಲರ ಮನೇಲೂ ಇರುತ್ತಮ್ಮ, ಊಟ ಮಾತ್ರ ನಿಲ್ಲಿಸಬಾರ್ದು" ಎಂದು ಅಕ್ಕನಿಗೆ ಬುದ್ಧಿ ಹೇಳಿ ಹೋದರು. ಅಕ್ಕ ಆ ರಾತ್ರಿ ಗಂಡನಿಗೆ ನಿಜವಾಗಿಯೂ ಅನ್ನ ಹಾಕಲಿಲ್ಲ.

ಮರುದಿನ ಭಾವ ನನ್ನ ಅಂಗಡಿಗೆ ಬಂದರು.

"ಹುದ್ದೆ ಇಲ್ದೆ ಊಟ ಕೇಳೋಕೆ ಹೋದ್ರೆ ಹೀಗೇ ಆಗೋದು. ಸಿಸ್ಟರಮ್ಮನ್ನ ಕೇಳ್ದೆ. ಏನ್ ಬೇಕಾದ್ರೂ ಬರ್ಕೊಳ್ಳಿ, ಆರೂವರೆಗೆ ಡಬ್ಬ ಬಂದ್ರೆ ಸಾಕು ಅಂದ್ರು."

ಜೇಬಿನಿಂದ ಹಳೆಯ ಲಕೋಟೆಯೊಂದನ್ನು ತೆಗೆದರು. ಅದರ ಬೆನ್ನಿಗೆ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: ಹೆಚ್ಚುವರಿ ಆಹಾರ ಅಧಿಕಾರಿ.

"ಅಧಿಕಾರಿ ಅನ್ನೋದು ಸ್ವಲ್ಪ ಜಾಸ್ತಿ ಆಗಲ್ವಾ ಭಾವ? ಸೇವಕ ಅಂತ ಬರೆಯೋಣವಾ?"

"ಸೇವಕನಿಗೆ ತಟ್ಟೆ ಕೊಟ್ಟು ಕೂರಿಸ್ತಾರೆ," ಎಂದರು. "ನೋಡು, ಹೆಚ್ಚುವರಿ ಆಹಾರ. ಅಂದ್ರೆ ಮಿಕ್ಕಿದ್ದು. ಅದಕ್ಕೊಬ್ಬ ಅಧಿಕಾರಿ. ಇದರಲ್ಲಿ ಸುಳ್ಳು ಏನಾದ್ರೂ ಇದೆಯಾ?"

ಇರಲಿಲ್ಲ. ಎರಡಡಿ ಉದ್ದ, ಒಂದಡಿ ಎತ್ತರದ ತಗಡು ತೆಗೆದು ಹಿಡಿದೆ. ಇಲ್ಲೇ ನನ್ನ ಪಾತ್ರ ಬರುವುದು. ಮೂರೂ ಪದ ಒಂದೇ ಸಾಲಿನಲ್ಲಿ ಕೂರುವುದಿಲ್ಲ. 'ಹೆಚ್ಚುವರಿ ಆಹಾರ' ಮೇಲೆ, 'ಅಧಿಕಾರಿ' ಕೆಳಗೆ ಬರೆದರೆ ಮೇಲಿನ ಸಾಲು ಬಸ್ಸಿನಲ್ಲಿ ನಿಂತವರಂತೆ ಒತ್ತರಿಸಿಕೊಳ್ಳುತ್ತದೆ, ಕೆಳಗಿನದು ಖಾಲಿ ಹೊಡೆಯುತ್ತದೆ. ಅಕ್ಷರಕ್ಕೂ ಉಸಿರಾಡಲು ಜಾಗ ಬೇಕು ಎಂದು ನಂಬಿದವನು ನಾನು. ಆದ್ದರಿಂದ ಮೇಲಿನ ಸಾಲಿನಲ್ಲಿ ದಪ್ಪಗೆ, ಕೆಂಪಗೆ, ಒಂಟಿಯಾಗಿ 'ಹೆಚ್ಚುವರಿ' ಎಂದು ಬರೆದೆ. ಕೆಳಗಿನ ಸಾಲಿನಲ್ಲಿ ನೀಲಿಯಲ್ಲಿ 'ಆಹಾರ ಅಧಿಕಾರಿ'. ನೋಡಲು ಬಹಳ ಚೆನ್ನಾಗಿತ್ತು. ಅದೇ ನಮೂನೆಯಲ್ಲಿ ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಪುಟ್ಟ ಬಿಲ್ಲೆಯನ್ನೂ ಮಾಡಿಕೊಟ್ಟೆ, ಪುಕ್ಕಟೆಯಾಗಿ.

ಹೆಚ್ಚುವರಿ ಆಹಾರಕ್ಕೊಬ್ಬ ಅಧಿಕಾರಿ ಬೇಕಿತ್ತು. ನನ್ನ ಸಾಲು ಮುರಿದ ಜಾಗದಿಂದಾಗಿ, ಅಂಗಡಿ, ಹೋಟೆಲುಗಳ ತಪಾಸಣೆಗೆ ಊರಲ್ಲಿ ಇರುವ ಆಹಾರ ಅಧಿಕಾರಿಯ ಜೊತೆಗೆ ಇನ್ನೊಬ್ಬ ಹೆಚ್ಚುವರಿ ಹುಟ್ಟಿಕೊಂಡ. ಇದು ನನಗೆ ಹೊಳೆಯಲಿಲ್ಲ. ಭಾವನಿಗೆ ಹೊಳೆದಿತ್ತೋ ಇಲ್ಲವೋ ನಾನು ಕೇಳಿಲ್ಲ, ಅವರು ಹೇಳಿಲ್ಲ.

ಸೋಮವಾರ ಸಂಜೆ ಬೋರ್ಡನ್ನು ಡಬ್ಬಕ್ಕೆ ಕಟ್ಟಿಕೊಂಡು, ಬಿಲ್ಲೆ ಸಿಕ್ಕಿಸಿಕೊಂಡು ಭಾವ ಬೇಕರಿಯ ಹಿತ್ತಿಲಿಗೆ ಬಂದರು. ನಾನು ಕುಂಚ ತೊಳೆಯುತ್ತ ನನ್ನ ಅಕ್ಷರಗಳನ್ನು ದೂರದಿಂದ ನೋಡಿ ಖುಷಿಪಡುತ್ತಿದ್ದೆ. ಬೇಕರಿಯವನು ಬಾಗಿಲಿಗೆ ಬಂದ. ಎರಡು ವರ್ಷದಿಂದ "ಬನ್ನಿ ಬನ್ನಿ" ಎನ್ನುತ್ತಿದ್ದವನು ಬೋರ್ಡು ಓದಿದ, ಬಿಲ್ಲೆ ಓದಿದ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಏನಾದ್ರೂ ಉಳಿದಿದೆಯಾ?" ಎಂದರು ಭಾವ.

"ಇಲ್ಲ ಸರ್."

"ಒಂದೂ ಇಲ್ವಾ?"

"ನಮ್ಮಲ್ಲಿ ಉಳಿಯೋದೇ ಇಲ್ಲ ಸರ್. ಹಳೇ ಮಾಲು ಇಡೋ ಅಂಗಡಿ ಅಲ್ಲ ನಮ್ದು."

"ನಿನ್ನೆ ಎರಡು ಚೀಲ ಕೊಟ್ಟಿದ್ರಲ್ಲಪ್ಪ."

ಬೇಕರಿಯವನ ಮುಖ ಬಿಳಿಚಿಕೊಂಡಿತು. "ಅದು ತಿಳೀದೆ ಆಗಿದ್ದು ಸರ್. ಇನ್ನೊಂದು ಸಲ ಆಗಲ್ಲ." ಒಳಗೆ ಓಡಿ, ಆಗತಾನೇ ಒಲೆಯಿಂದ ತೆಗೆದ ಬಿಸಿ ಬನ್ನೊಂದನ್ನು ತಂದು ಮುಂದೆ ಹಿಡಿದ. "ನೀವೇ ಪರೀಕ್ಷೆ ಮಾಡಿ."

ಭಾವ ಪರೀಕ್ಷೆ ಮಾಡಿದರು. ಬನ್ನು ಚೆನ್ನಾಗಿದೆ ಎಂದರು. ಪಕ್ಕದ ಹೋಟೆಲಿನಲ್ಲಿ ಮಾಲೀಕನೇ ಖುದ್ದಾಗಿ ಅವರನ್ನು ಮುಂಬಾಗಿಲಿನಿಂದ ಕರೆದೊಯ್ದ. ಅಡುಗೆಮನೆ ತೋರಿಸಿದ, ಮೋರಿ ತೋರಿಸಿದ, ಬಡಿಸುವವರ ಉಗುರು ತೋರಿಸಿದ.

"ಮಧ್ಯಾಹ್ನದ್ದೇನಾದ್ರೂ ಉಳಿದಿದ್ರೆ ಕೊಡ್ತೀರಾ?"

"ಮಧ್ಯಾಹ್ನದ್ದು ಮಧ್ಯಾಹ್ನಕ್ಕೇ ಮುಗಿಯುತ್ತೆ ಸರ್. ಸಂಜೆದು ಸಂಜೆಗೆ. ನಿನ್ನೆ ಅನ್ನೋದೇ ನಮ್ಮ ಹೋಟೆಲಲ್ಲಿಲ್ಲ," ಎಂದು ಮಾಲೀಕ ಬಿಸಿ ಊಟ ಬಡಿಸಿ ಕೂರಿಸಿದ. ಈ ಸಲ ಮೇಜಿನ ಮುಂದೆ, ಫ್ಯಾನಿನ ಕೆಳಗೆ.

ಭಾವ ಸಂಜೆ ಹೊಟ್ಟೆ ತುಂಬಿಸಿಕೊಂಡು, ಖಾಲಿ ಡಬ್ಬ ಹೊತ್ತುಕೊಂಡು ತಂಗುಮನೆಗೆ ಹೋದರು. ಮಂಗಳವಾರವೂ ಹಾಗೆಯೇ. ಬುಧವಾರ ಅವರಿಗೆ ಒಂದು ಸಂಗತಿ ಖಾತ್ರಿಯಾಯಿತು. ನನ್ನ ಅಂಗಡಿಗೆ ಬಂದು ಗಂಭೀರವಾಗಿ ಕೂತರು.

"ಕಾಲ ಬದಲಾಗಿದೆ ಕಣೋ. ಎರಡು ವರ್ಷ ನಾನು ಎತ್ತಿದ್ದೇ ಎತ್ತಿದ್ದು, ಕಮ್ಮಿ ಆಗಿರ್ಲಿಲ್ಲ. ಒಂದು ಬೋರ್ಡು ಕಟ್ಟಿದ್ದೇ ತಡ, ವ್ಯರ್ಥ ಮಾಡೋದೇ ನಿಂತುಹೋಯ್ತು. ಒಂದು ಅಗಳು ಉಳಿಸ್ತಾ ಇಲ್ಲ."

ನಾನು ನನ್ನ ಅಕ್ಷರದ ಶಕ್ತಿ ಎಂದುಕೊಂಡೆ. ಅಕ್ಕನ ಕಟ್ಟಡದವರು ಬಡ್ತಿ ಎಂದುಕೊಂಡರು. ಗೋಂದು ಹಚ್ಚುತ್ತಿದ್ದವರು ನೇರವಾಗಿ ಹೆಚ್ಚುವರಿ ಆಹಾರ ಅಧಿಕಾರಿ ಆದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಮೇಲಿನವರ ವಶೀಲಿ ಇರಬೇಕು ಎಂದು ತಾವೇ ಉತ್ತರ ಹೇಳಿಕೊಂಡರು. ಮೇಷ್ಟ್ರಿಗಂತೂ ಆ ದಿನದ ತಟ್ಟೆಯ ರಹಸ್ಯ ಈಗ ಬಯಲಾಯಿತು.

"ಅವತ್ತೇ ಅಂದ್ಕೊಂಡೆ," ಎಂದು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದರು. "ವೇಷ ಮರೆಸ್ಕೊಂಡು ಪರೀಕ್ಷೆ ಮಾಡ್ತಾ ಇದ್ರು. ಕ್ರೇಟಿನ ಮೇಲೆ ಕೂತ್ರೂ ಬೆನ್ನು ನೆಟ್ಟಗಿತ್ತು, ಗಮನಿಸಿದ್ದೆ."

ಅಕ್ಕನ ಮಾನ ವಾಪಸ್ ಬಂತು. ಅವಳನ್ನು ಕಂಡರೆ ಜನ ಮೆಟ್ಟಿಲು ಬಿಟ್ಟು ನಿಲ್ಲತೊಡಗಿದರು. "ರೀ, ಇದು ಸರಿ ಇಲ್ಲ, ನೀವು ಅಂಥಾ ಅಧಿಕಾರಿ ಅಲ್ಲ ಅಂತ ಹೇಳ್ಬಿಡಿ" ಎಂದು ಅವಳು ಎರಡು ಸಲ ಹೇಳಿದಳು. "ಕೇಳಿದ್ರೆ ತಾನೇ ಹೇಳೋದು? ಯಾರೂ ಕೇಳ್ತಾ ಇಲ್ಲ," ಎಂದರು ಭಾವ. ಅಷ್ಟರಮಟ್ಟಿಗೆ ಅವರು ಸತ್ಯವಂತರು. ಗುರುವಾರ ಬೇಕರಿಯಿಂದ ಮನೆಗೆ ದೊಡ್ಡ ಕೇಕು ಬಂತು. ಭಾವ ಅದನ್ನು ಮುಟ್ಟಲಿಲ್ಲ. "ಇದು ಉಳಿದದ್ದಾ?" ಎಂದು ತಂದವನನ್ನು ಕೇಳಿದರು. ಅವನು ಗಾಬರಿಯಿಂದ, "ಇಲ್ಲ ಸರ್, ನಿಮಗೋಸ್ಕರ ಮಾಡಿದ್ದು" ಎಂದ. "ಉಳಿದದ್ದಾದ್ರೆ ಮಾತ್ರ ತಗೋತೀನಿ" ಎಂದು ವಾಪಸ್ ಕಳಿಸಿದರು. ಇಷ್ಟು ಕಟ್ಟುನಿಟ್ಟಿನ ಅಧಿಕಾರಿಯನ್ನು ತಾನು ನೋಡಿಲ್ಲ ಎಂದು ಬೇಕರಿಯವನು ಬೀದಿಗೆಲ್ಲ ಹೇಳಿದ. ಬೀದಿಯ ಉಳಿದ ಅಂಗಡಿಗಳೂ ನೆಟ್ಟಗಾದವು.

ಇತ್ತ ತಂಗುಮನೆಯಲ್ಲಿ ಸಿಸ್ಟರಮ್ಮ ಮನೆಯಿಂದ ತಂದ ಕಾಳು ಹಾಕಿ ಸೂಪು ಕಾಯಿಸುತ್ತಿದ್ದರು. ದಿನಕ್ಕೆರಡು ತಂಬಿಗೆ ನೀರು ಜಾಸ್ತಿಯಾಗುತ್ತ ಹೋಗಿ, ಶುಕ್ರವಾರದ ಸೂಪಿನಲ್ಲಿ ತಟ್ಟೆಯ ತಳದ ನೀಲಿ ಹೂವು ಸ್ಪಷ್ಟವಾಗಿ ಕಾಣುತ್ತಿತ್ತು. ಭಾವ ಅಂದು ಯಾರದೋ ಮನೆಯಲ್ಲಿ ಉಳಿದ ಹತ್ತು ಬನ್ನು ಒಯ್ದಿದ್ದರು. ಮೂವತ್ತೆಂಟು ಜನ. ಮಗಳನ್ನು ಆಸ್ಪತ್ರೆಗೆ ಸೇರಿಸಿ ತಿಂಗಳಿಂದ ಕಾಯುತ್ತಿದ್ದ ಅಜ್ಜ ಒಬ್ಬರು ತಮಗೆ ಸಿಕ್ಕ ಕಾಲು ಬನ್ನಿನಲ್ಲಿ ಅರ್ಧ ತಿಂದು, ಅರ್ಧವನ್ನು ಕರ್ಚೀಫಿನಲ್ಲಿ ಸುತ್ತಿ ಬೆಳಿಗ್ಗೆಗೆ ಇಟ್ಟುಕೊಂಡರು. ಭಾವ ಅದನ್ನು ನೋಡಿದರಂತೆ. ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತವರು ಬಡಿಸಿಕೊಳ್ಳದೆ ಎದ್ದರು ಎಂದು ಅಕ್ಕ ಹೇಳಿದಳು. ಹಾಗಿದ್ದೂ ಬೋರ್ಡಿನ ಮೇಲೆ ಅವರಿಗೆ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ನನಗೆ, ಶನಿವಾರ ಐದು ಗಂಟೆಗೆ. ಒಂದು ಬೋರ್ಡು ಒಣಗಿಸಲು ಹೊರಗಿಡುತ್ತಿದ್ದೆ. ಬೇಕರಿಯವನು ಹಿತ್ತಿಲಿಗೆ ಬಂದು ಆಚೀಚೆ ನೋಡಿ ಎರಡು ಚೀಲ ಬ್ರೆಡ್ಡನ್ನು ಕಸದ ಡ್ರಮ್ಮಿಗೆ ಸುರಿದ. ಹೋಟೆಲಿನಿಂದ ಇಬ್ಬರು ಒಂದು ಪಾತ್ರೆ ಅನ್ನ ಹೊತ್ತು ತಂದು ಅದರ ಮೇಲೆ ಮಗುಚಿದರು.

"ಯಾಕಪ್ಪಾ ಚೆಲ್ತೀರಿ?" ಎಂದೆ.

"ಶ್, ಅಧಿಕಾರಿ ಬರೋ ಹೊತ್ತು," ಎಂದ ಬೇಕರಿಯವನು. "ಸಂಜೆಗೆ ಒಂದು ಚೂರು ಉಳಿದಿದೆ ಅಂತ ಗೊತ್ತಾದ್ರೆ ಅಂಗಡಿ ಮುಚ್ಚಿಸ್ತಾರೆ. ನಿಮ್ಮ ಭಾವ ತಾನೇ, ಒಂದು ಮಾತು ಹೇಳಿ ಸ್ವಾಮಿ."

ನಾನು ಡ್ರಮ್ಮು ನೋಡಿದೆ. ಆಮೇಲೆ ಡಬ್ಬದ ಮೇಲೆ ನಾನೇ ಬರೆದ ಸಾಲುಗಳು ನೆನಪಾದವು: ಹೆಚ್ಚುವರಿ. ಕೆಳಗೆ, ಆಹಾರ ಅಧಿಕಾರಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಬರಹವನ್ನು ನಾನೇ ಓದಿದ ಹಾಗಾಯಿತು, ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಹೇಳಿಬಿಡೋಣ ಎಂದು ಅಕ್ಕನ ಮನೆಗೆ ಹೋದರೆ, ನನಗಿಂತ ಮೊದಲೇ ಒಬ್ಬರು ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು. ದಪ್ಪ ಕನ್ನಡಕ, ತೊಡೆಯ ಮೇಲೆ ಕಡತ. ಅವರು ನಿಜವಾದ ಆಹಾರ ಅಧಿಕಾರಿ. ಊರಿಗೆ ಒಬ್ಬರೇ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಈ ವಯಸ್ಸಿನಲ್ಲಿ ತಮ್ಮ ಪಕ್ಕಕ್ಕೆ ಒಬ್ಬ ಹೆಚ್ಚುವರಿ ಬಂದಿದ್ದಾನೆ ಎಂದು ಕೇಳಿ ಮೂರು ದಿನ ನಿದ್ದೆ ಮಾಡಿರಲಿಲ್ಲ.

"ನಿಮ್ಮ ಆದೇಶದ ಪ್ರತಿ ನನಗೆ ತಲುಪಿಲ್ಲ," ಎಂದು ಬಹಳ ಮೆತ್ತಗೆ ಹೇಳಿದರು.

ಅಧಿಕಾರಿಯೊಬ್ಬರು ತಮ್ಮ ಮನೆಗೆ ಬಂದು ಕಾಗದ ತಲುಪಿಲ್ಲ ಎಂದಾಗ ಭಾವನ ಬಾಯಿಂದ ಇಪ್ಪತ್ತೆರಡು ವರ್ಷದ ಅಭ್ಯಾಸ ಮಾತಾಡಿತು. "ರವಾನೆಯಲ್ಲಿ ತಡ ಆಗಿರಬಹುದು ಸರ್."

"ಆಯ್ತು. ಕೆಲಸ ಹೇಗೆ ಹಂಚ್ಕೊಳ್ಳೋದು ಅಂತ ಕೇಳೋಣ ಅಂತ ಬಂದೆ. ತಾವು ಏನು ನೋಡ್ಕೊಳ್ತೀರಿ?"

"ನಾನು ಉಳಿದದ್ದು ನೋಡ್ಕೊಳ್ತೀನಿ ಸರ್."

"ಉಳಿದದ್ದು," ಎಂದರು ಆಹಾರ ಅಧಿಕಾರಿ. ಕಡತದ ದಾರ ಬಿಚ್ಚಿದರು, ಮತ್ತೆ ಕಟ್ಟಿದರು. "ಉಳಿದದ್ದು ಅಂದ್ರೆ, ಎಲ್ಲಾ?"

"ಎಲ್ಲಾ. ಉಳಿದದ್ದು ಯಾವುದನ್ನೂ ಬಿಡಲ್ಲ."

"ಹಾಗಾದ್ರೆ ನನ್ನ ಹತ್ರ ಏನುಳೀತು?"

"ನಿಮ್ಮ ಹತ್ರ ಉಳಿದಿದ್ರೂ ಕೊಡಿ ಸರ್," ಎಂದರು ಭಾವ ಆದರದಿಂದ. "ಸಂಜೆ ಆರರೊಳಗೆ ಬಂದು ತಗೊಂಡ್ಹೋಗ್ತೀನಿ."

ಆಹಾರ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೆಂಟು ತಿಂಗಳು ತಡ್ಕೊಳ್ಳಿ ಸ್ವಾಮಿ, ಆಮೇಲೆ ಎಲ್ಲಾ ನಿಮ್ದೇ," ಎಂದರು.

ನಾನು ಬಾಯಿ ಬಿಡುವಷ್ಟರಲ್ಲಿ ಬಾಗಿಲಲ್ಲಿ ಸಿಸ್ಟರಮ್ಮ ಕಾಣಿಸಿದರು. ತಂಗುಮನೆ, ತಮ್ಮ ಮನೆ ಬಿಟ್ಟು ಅವರು ಬೇರೆಲ್ಲಿಗೂ ಹೋದದ್ದನ್ನು ಯಾರೂ ನೋಡಿದ್ದಿಲ್ಲ. ಕೈಯಲ್ಲಿ ಸೂಪಿನ ದೊಡ್ಡ ಪಾತ್ರೆ, ಖಾಲಿ. ಅದನ್ನು ತಂದು ಭಾವನ ಕಾಲ ಹತ್ತಿರ ಇಟ್ಟರು.

"ಮನೇಲಿದ್ದ ಕಾಳು ಮುಗೀತು," ಎಂದರು. "ಇವತ್ತು ಸಂಜೆ ಏನೂ ಬರ್ಲಿಲ್ಲ ಅಂದ್ರೆ ನಾಳೆಯಿಂದ ಊಟ ಇಲ್ಲ ಅಂತ ಬಾಗಿಲಿಗೆ ಬರ್ದು ಹಾಕ್ತೀನಿ. ನಿಮ್ಮ ಭಾವಮೈದ ಚೆನ್ನಾಗಿ ಬರೀತಾರಂತಲ್ಲ, ಅವರ ಹತ್ರಾನೇ ಬರೆಸ್ತೀನಿ."

ಆಗ ನಾನು ಡ್ರಮ್ಮಿನ ವಿಷಯ ಹೇಳಿದೆ. ಚೀಲ, ಪಾತ್ರೆ, ಅಂಗಡಿಯವರ ಭಯ, ನನ್ನ ಸಾಲು ಮುರಿದ ಜಾಗ, ಒಂದೂ ಬಿಡದೆ ಹೇಳಿದೆ. ಹೇಳಿ ಮುಗಿದ ಮೇಲೆ ಆ ಕೋಣೆಯಲ್ಲಿ ಸಂತೋಷಪಟ್ಟವರು ಒಬ್ಬರೇ.

"ಅಂದ್ರೆ ನೀವು ಹೆಚ್ಚುವರಿ ಅಲ್ಲ," ಎಂದರು ಆಹಾರ ಅಧಿಕಾರಿ. "ಊಟ ಹೆಚ್ಚುವರಿ." ಕುರ್ಚಿಯ ತುದಿ ಬಿಟ್ಟು ಮೊದಲ ಸಲ ಹಿಂದಕ್ಕೆ ಒರಗಿ ಕೂತು ಅಕ್ಕನಲ್ಲಿ ನೀರು ಕೇಳಿ ಕುಡಿದರು. ಹಗುರಾದ ಮನಸ್ಸಿನಲ್ಲಿ ಅವರಿಗೆ ಉಪಕಾರ ಮಾಡುವ ಉತ್ಸಾಹ ಬಂತು. "ಬಿಲ್ಲೆ ತೆಗೀರಿ, ಬೋರ್ಡು ಬಿಚ್ಚಿ. ಸಂಜೆ ನಾನೇ ಜೊತೇಲಿ ಬಂದು ಇವರು ಅಧಿಕಾರಿ ಅಲ್ಲ ಅಂತ ಹೇಳ್ತೀನಿ. ನನ್ನ ಮಾತು ಕೇಳದೆ ಇರ್ತಾರಾ?"

ಭಾವ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅಜ್ಜ ಬನ್ನು ಸುತ್ತಿಟ್ಟದ್ದನ್ನು ಆಗ ಅವರು ನಮಗೆ ಹೇಳಿದ್ದು. "ನಾನು ಆವಾಗ ಹೋಟೆಲಲ್ಲಿ ಉಂಡು ಬಂದಿದ್ದೆ," ಎಂದರು, ಯಾರನ್ನೂ ನೋಡದೆ.

ಸಂಜೆ ಐದೂವರೆಗೆ ಹೊರಟೆವು. ಮುಂದೆ ಆಹಾರ ಅಧಿಕಾರಿ, ಪಕ್ಕದಲ್ಲಿ ಬೋರ್ಡಿಲ್ಲದ ಸೈಕಲ್ ತಳ್ಳಿಕೊಂಡು ಭಾವ, ಹಿಂದೆ ಖಾಲಿ ಪಾತ್ರೆ ಹಿಡಿದ ಅಕ್ಕ ಮತ್ತು ನಾನು. ಬೇಕರಿಯವನು ದೂರದಿಂದ ನೋಡಿದ. ಒಬ್ಬ ಅಧಿಕಾರಿಯನ್ನು ಅವನು ಒಂದು ವಾರ ಹೇಗೋ ತಡೆದುಕೊಂಡಿದ್ದ. ಇಬ್ಬರೂ ಒಟ್ಟಿಗೆ, ಅದೂ ಭಾನುವಾರ, ಒಬ್ಬರು ಬಿಲ್ಲೆ ಬೇರೆ ತೆಗೆದಿಟ್ಟು ಬರುತ್ತಿದ್ದಾರೆ ಎಂದ ಮೇಲೆ ಅವನು ಶಟರ್ ಎಳೆದುಬಿಟ್ಟ.

ಹೋಟೆಲ್ ಮಾಲೀಕ ಹಿತ್ತಿಲ ಬಾಗಿಲಲ್ಲೇ ಸಿಕ್ಕ.

"ನೋಡಿ, ಇವರು ಅಧಿಕಾರಿ ಅಲ್ಲ," ಎಂದರು ಆಹಾರ ಅಧಿಕಾರಿ.

"ಗೊತ್ತಾಯ್ತು ಸರ್. ಅಲ್ಲವೇ ಅಲ್ಲ."

"ನೀರಿನ ಕಚೇರೀಲಿ ಅಂಟು ಹಚ್ತಾರೆ."

"ಹೌದು ಸರ್. ಅಂಟು ಹಚ್ತಾರೆ. ನಾನು ಯಾರಿಗೂ ಹೇಳಲ್ಲ."

"ಉಳಿದದ್ದಿದ್ರೆ ಇವರಿಗೆ ಕೊಡಬಹುದು."

"ಸರ್, ಹೀಗೆಲ್ಲ ಪರೀಕ್ಷೆ ಮಾಡಿದ್ರೂ ಅಷ್ಟೇ. ನಮ್ಮಲ್ಲಿ ಏನೂ ಉಳಿದಿಲ್ಲ."

ಅವನ ಬೆನ್ನ ಹಿಂದೆ, ಅವತ್ತಿನ ಅದೇ ಬಡಿಸುವವನು ಇನ್ನೊಬ್ಬನ ಜೊತೆ ತುಂಬಿದ ಪಾತ್ರೆಯೊಂದನ್ನು ಎತ್ತಿಕೊಂಡು ಡ್ರಮ್ಮಿನ ಕಡೆ ಹೊರಟಿದ್ದ. ಅನ್ನ ಇನ್ನೂ ಬಿಡಿಬಿಡಿಯಾಗಿತ್ತು. ಭಾವ ಸೈಕಲ್ಲನ್ನು ನನ್ನ ಕೈಗೆ ಕೊಟ್ಟರು. ಗೋಡೆಯ ಬದಿಯಲ್ಲಿದ್ದ ಹಾಲಿನ ಕ್ರೇಟನ್ನು ತಾವೇ ಎಳೆದುಕೊಂಡು, ಬೋರಲು ಹಾಕಿ, ಅದರ ಮೇಲೆ ಕೂತರು.

"ಅಣ್ಣಾ," ಎಂದು ಆ ಬಡಿಸುವವನನ್ನು ಕರೆದರು. "ಅದನ್ನ ಚೆಲ್ಲಬೇಡ. ಅವತ್ತು ಕೊಟ್ಟೆಯಲ್ಲ, ಹಾಗೇ ಒಂದು ತಟ್ಟೆ ಹಾಕು. ಹಸಿವಾಗಿದೆ."

ಬಡಿಸುವವನು ಮಾಲೀಕನ ಮುಖ ನೋಡಿದ. ಮಾಲೀಕ ಆಹಾರ ಅಧಿಕಾರಿಯ ಮುಖ ನೋಡಿದ. ಆಹಾರ ಅಧಿಕಾರಿ ಅಕ್ಕನ ಮುಖ ನೋಡಿದರು. ಬಡಿಸುವವನು ಮಾತ್ರ ಹಸಿದವರನ್ನು ಕಾಯಿಸುವವನಲ್ಲ, ತಟ್ಟೆ ತಂದ. ಭಾವ ತಿನ್ನತೊಡಗಿದರು. ಸರಿಯಾಗಿ ಆ ಹೊತ್ತಿಗೆ ಕೊಡೆಯ ಸದ್ದು ಕೇಳಿಸಿತು. ಮೇಷ್ಟ್ರ ಸಂಜೆಯ ನಡಿಗೆಯ ಹೊತ್ತು ಅದೇ ಎಂಬುದು ನಮಗೆ ಯಾರಿಗೂ ನೆನಪಿರಲಿಲ್ಲ. ಅವರ ಹಿಂದೆ ಕಟ್ಟಡದವರು ಇನ್ನಿಬ್ಬರಿದ್ದರು.

"ಮತ್ತೆ ಪರೀಕ್ಷೆಯಾ?" ಎಂದರು ಮೇಷ್ಟ್ರು, ಗುಟ್ಟಿನ ದನಿಯಲ್ಲಿ.

ಭಾವ ಈ ಸಲ ಬಾಯಲ್ಲಿದ್ದುದನ್ನು ಪೂರ್ತಿ ನುಂಗಿ ಉತ್ತರ ಕೊಟ್ಟರು. "ಇಲ್ಲ ಮೇಷ್ಟ್ರೇ. ಉಳಿದದ್ದು ತಿಂತಾ ಇದ್ದೀನಿ. ಕೇಳಿ ಹಾಕಿಸ್ಕೊಂಡೆ. ನಾನು ಯಾವ ಅಧಿಕಾರಿನೂ ಅಲ್ಲ. ಅವತ್ತೂ ಅಲ್ಲ, ಇವತ್ತೂ ಅಲ್ಲ."

ಮೇಷ್ಟ್ರು ನಿಧಾನವಾಗಿ ಅಕ್ಕನ ಕಡೆ ತಿರುಗಿದರು. ಕಟ್ಟಡದ ಇನ್ನಿಬ್ಬರೂ ತಿರುಗಿದರು. ಒಂದು ವಾರದ ಹಿಂದಿನ ಸುದ್ದಿಯೆಲ್ಲ ಆ ಮೂರು ಮುಖಗಳ ಮೇಲೆ ಮರಳಿ ಬರುವುದನ್ನು ನಾನು ಕಂಡೆ. ನನ್ನ ಅಕ್ಕ ಮಾನಕ್ಕೆ ಅಂಜುವವಳು. ಅವಳು ಪಾತ್ರೆಯನ್ನು ನೆಲದ ಮೇಲಿಟ್ಟಳು. ಇನ್ನೊಂದು ಕ್ರೇಟು ಎಳೆದು ಗಂಡನ ಪಕ್ಕ ಕೂತಳು.

"ನನಗೂ ಒಂದು ತಟ್ಟೆ ಹಾಕಪ್ಪ,"‌ ಎಂದಳು.

ಇಬ್ಬರೂ ಉಂಡರು. ನಾನು ಸೈಕಲ್ಲಿನ ಬೆಲ್ಲು ನೋಡುತ್ತ ನಿಂತೆ. ಆಹಾರ ಅಧಿಕಾರಿ ಸ್ವಲ್ಪ ಹೊತ್ತು ಕಡತ ತಡಕಿದರು. ಆಮೇಲೆ ಪಾತ್ರೆಯ ಹತ್ತಿರ ಹೋಗಿ ಸೌಟಿನಿಂದ ಅಂಗೈಗೆ ಸ್ವಲ್ಪ ಹಾಕಿಕೊಂಡು ಬಾಯಿಗಿಟ್ಟರು. ಮೂವತ್ತು ವರ್ಷದ ಅನುಭವದಿಂದ ಅಗಿದರು.

"ಚೆನ್ನಾಗಿದೆಯಲ್ರೀ," ಎಂದರು ಮಾಲೀಕನಿಗೆ. "ಕೆಟ್ಟದ್ದನ್ನ ಇಟ್ರೆ ನಾನು ಕೇಳೋದು. ಒಳ್ಳೇದನ್ನ ಯಾಕೆ ಚೆಲ್ತೀರಿ?"

ಮಾಲೀಕ ತಟ್ಟೆಯ ಕಡೆ ನೋಡುತ್ತಿದ್ದ. ಭಾವ ಕೊನೆಯ ಅಗಳನ್ನೂ ಬಿಡದೆ ತಟ್ಟೆ ಬಳಿದು ಮುಗಿಸಿದರು. ಯಾವ ಇಲಾಖೆಯ ಅಧಿಕಾರಿಯೂ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿತ್ತಿಲ ಬಾಗಿಲಲ್ಲಿ ಹೀಗೆ ತಟ್ಟೆ ಬಳಿಯುವುದಿಲ್ಲ ಎಂಬುದು ಅವನಿಗೆ ಕೊನೆಗೂ ಮನದಟ್ಟಾಯಿತು.

"ಏಯ್, ಆ ಪಾತ್ರೆ ಇವರ ಡಬ್ಬಕ್ಕೆ ಸುರೀರಿ," ಎಂದ. "ತರಕಾರೀದೂ ತನ್ನಿ." ಬೇಕರಿಯ ಶಟರ್ ಒಂದು ಗೇಣು ಎದ್ದಿತು. ಸಂದಿಯಿಂದ ಮೊದಲು ಎರಡು ಕಣ್ಣು, ಆಮೇಲೆ ಎರಡು ಚೀಲ ಬ್ರೆಡ್ಡು ಹೊರಬಂದವು.

ಅಂದು ತಂಗುಮನೆಗೆ ಹೋದಾಗ ಗಂಟೆ ಆರು ಮುಕ್ಕಾಲು. ಕಾಲುಗಂಟೆ ತಡವಾದದ್ದಕ್ಕೆ ಸಿಸ್ಟರಮ್ಮ ಗದರಿದರು. ಎಲ್ಲರಿಗೂ ಬಡಿಸಿ ಆದ ಮೇಲೆ ಆ ಅಜ್ಜ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದರು, ಕೇಳಲು ಸಂಕೋಚ. ಭಾವ ಸೌಟು ತೆಗೆದುಕೊಂಡು, "ಇನ್ನೂ ಉಳಿದಿದೆ ಅಜ್ಜ, ನಾಚ್ಕೋಬೇಡಿ" ಎಂದು ಬಡಿಸಿದರು.

ಕಟ್ಟಡದವರಿಗೆ ಎಷ್ಟು ಹೇಳಿದರೂ ಪೂರ್ತಿ ಅರ್ಥವಾಗಲಿಲ್ಲ. ಇದ್ದ ಹುದ್ದೆ ಹೋಯಿತು, ಪಾಪ, ಗಂಡ ಹೆಂಡತಿ ಇಬ್ಬರೂ ಹಿತ್ತಿಲಲ್ಲಿ ಉಣ್ಣುವ ಹಾಗಾಯಿತು ಎಂಬುದು ಮೇಷ್ಟ್ರ ತೀರ್ಪು. ಆ ಮರುಕದಲ್ಲಿ ಅವರು ದಿನಾ ಸಂಜೆ ಮನೆಯಲ್ಲಿ ಮಿಕ್ಕಿದ್ದನ್ನು ಡಬ್ಬಿಗೆ ಹಾಕಿ ಅಕ್ಕನ ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ಅವಳು ನೊಂದುಕೊಳ್ಳಬಾರದೆಂದು ಕಾಣದ ಹಾಗೆ ಇಳಿದುಹೋಗುತ್ತಾರೆ. ಉಳಿದವರೂ ಹಾಗೆಯೇ. ಅಕ್ಕ ಮೊದಲ ದಿನ ಕೆಂಪಗಾದಳು, ಎರಡನೆಯ ದಿನ ಡಬ್ಬಿಗಳನ್ನು ಎಣಿಸಿದಳು, ಮೂರನೆಯ ದಿನದಿಂದ ಯಾರ ತಪ್ಪು ತಿಳಿವಳಿಕೆಯನ್ನೂ ತಿದ್ದುತ್ತಿಲ್ಲ. ನಾಲ್ಕು ಅಂತಸ್ತಿನ ಮರುಕ ಸೇರಿದರೆ ಆರು ಜನರ ಊಟವಾಗುತ್ತದೆ.

ಬೋರ್ಡನ್ನು ನಾನು ವಾಪಸ್ ತಂದಿದ್ದೆ. ತಗಡು ಒಳ್ಳೆಯದು, ಬಿಸಾಡಲು ಮನಸ್ಸಾಗಲಿಲ್ಲ. ಸಿಸ್ಟರಮ್ಮನ ಸೂಪಿನ ಪಾತ್ರೆಗೆ ಮುಚ್ಚಳವಿಲ್ಲ ಎಂದು ಗೊತ್ತಿತ್ತು. ಅಳತೆ ತೆಗೆದು ಗುಂಡಗೆ ಕತ್ತರಿಸಿದಾಗ ನನ್ನ ಮೂರು ಪದಗಳಲ್ಲಿ ಪೂರ್ತಿಯಾಗಿ ಉಳಿದದ್ದು ಒಂದೇ. ಈಗ ದಿನಾ ಸಂಜೆ ಆರೂವರೆಗೆ ಜನ ತಟ್ಟೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಸಿಸ್ಟರಮ್ಮ ಮೊದಲು ಅಧಿಕಾರಿಯನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಆಮೇಲೆ ಬಡಿಸುತ್ತಾರೆ.